ಪಾಸು, ಫೇಲು ಮತ್ತು ಐದನೇ ತರಗತಿ

2024ರ ಮಾರ್ಚ್ 6ರಂದು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠವು 5, 8, 9 ಮತ್ತು 11ನೇ ತರಗತಿಗಳಿಗೆ ಮಂಡಳಿಯ ಮೂಲಕ ಪರೀಕ್ಷೆ ನಡೆಸುವ ಸರ್ಕಾರದ ನಿರ್ಧಾರವನ್ನು ರದ್ದುಪಡಿಸಿತು. ಮರುದಿನವೇ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತು. 11ರಂದು ಪರೀಕ್ಷೆ ಶುರುವಾಯಿತು. 12ರಂದು ಸುಪ್ರೀಂ ಕೋರ್ಟ್ ವಿಭಾಗೀಯ ಪೀಠದ ಆದೇಶಕ್ಕೆ ತಡೆ ಹಾಕಿದ್ದರಿಂದ ಪರೀಕ್ಷೆ ನಡುವಿನಲ್ಲೇ ನಿಂತಿತು. 22ರಂದು ವಿಭಾಗೀಯ ಪೀಠ ಪರೀಕ್ಷೆ ನಡೆಸಬಹುದೆಂದು ತೀರ್ಪಿತ್ತ ಮೇಲೆ ಉಳಿದ ವಿಷಯಗಳನ್ನು ಮುಗಿಸಲಾಯಿತು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಮತ್ತೆ ಮಧ್ಯೆ ಬಂದು ಫಲಿತಾಂಶವನ್ನು ತಡೆಹಿಡಿಯಿತು. ಹಿಂದಿನ ವರ್ಷದ ಮಾರ್ಚಿನಲ್ಲಿ 5 ಮತ್ತು 8ನೇ ತರಗತಿಗಳ ಮೌಲ್ಯಾಂಕನದ ವಿಚಾರದಲ್ಲೂ ಹೀಗೆಯೇ ಆಗಿತ್ತು. ಒಂದು ಪೀಠ ರದ್ದು ಮಾಡಿತ್ತು, ಇನ್ನೊಂದು ಅನುಮತಿ ಕೊಟ್ಟಿತ್ತು. ಹತ್ತು ವರ್ಷದ ಮಕ್ಕಳು ನಾಳೆ ಪರೀಕ್ಷೆ ಇದೆಯೋ ಇಲ್ಲವೋ ತಿಳಿಯದೆ ಎರಡು ಬೇಸಿಗೆ ಕಳೆದರು. ಅಷ್ಟೆಲ್ಲ ವಾದ-ಪ್ರತಿವಾದಗಳ ಬಹುಪಾಲು ನಡೆದದ್ದು ಸರ್ಕಾರ ಇಂಥದ್ದನ್ನು ಸುತ್ತೋಲೆಯಿಂದ ಮಾಡಬಹುದೇ, ನಿಯಮ ರೂಪಿಸಿ ಆಕ್ಷೇಪಣೆ ಕರೆದು ಶಾಸನಸಭೆಯ ಮುಂದಿಡಬೇಕೇ ಎಂಬ ಕಾರ್ಯವಿಧಾನದ ಸುತ್ತ. ಕಾನೂನಿಗೆ ಅದು ಮುಖ್ಯವಾದ ಪ್ರಶ್ನೆ, ನ್ಯಾಯಾಲಯ ಕೇಳಲೇಬೇಕಾದ ಪ್ರಶ್ನೆ. ಆದರೆ ಐದನೇ ತರಗತಿಯ ಮಗುವಿಗೆ ಓದು ಬರದಿದ್ದರೆ ಶಾಲೆ ಏನು ಮಾಡಬೇಕು ಎಂಬುದನ್ನು ನ್ಯಾಯಾಲಯ ಹೇಳಲಾರದು. ಅದನ್ನು ಸಮಾಜವೇ ಕೂತು ಮಾತಾಡಿ ನಿರ್ಧರಿಸಬೇಕು. ಆ ಮಾತುಕತೆ ನಮ್ಮಲ್ಲಿ ಸರಿಯಾಗಿ ನಡೆದೇ ಇಲ್ಲ.

ವಿವಾದದ ಬೇರು ಇರುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಈ ಕಾಯ್ದೆಯ 16ನೇ ಸೆಕ್ಷನ್ನಿನಂತೆ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸಿಕೊಳ್ಳುವಂತಿರಲಿಲ್ಲ, ಶಾಲೆಯಿಂದ ಹೊರಹಾಕುವಂತೆಯೂ ಇರಲಿಲ್ಲ. ಆ ಹಂತದವರೆಗೆ ಯಾವ ಮಂಡಳಿ ಪರೀಕ್ಷೆಯೂ ಬೇಡವೆಂದು 30ನೇ ಸೆಕ್ಷನ್ ಹೇಳಿತು. ಕೆಲವೇ ವರ್ಷಗಳಲ್ಲಿ ರಾಜ್ಯಗಳಿಂದ ಆಕ್ಷೇಪ ಕೇಳಿಬಂತು. ಹರಿಯಾಣದ ಆಗಿನ ಶಿಕ್ಷಣ ಸಚಿವೆ ಗೀತಾ ಭುಕ್ಕಲ್ ಅವರ ನೇತೃತ್ವದ ಉಪಸಮಿತಿ ಈ ನೀತಿಯನ್ನು ಹಂತಹಂತವಾಗಿ ಹಿಂತೆಗೆದುಕೊಳ್ಳಲು ಸೂಚಿಸಿತು, 2016ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಸಮಿತಿ ಐದನೇ ತರಗತಿಯವರೆಗೆ ಮಾತ್ರ ಅದನ್ನು ಉಳಿಸಿಕೊಳ್ಳಿ ಎಂದಿತು. 2019ರ ಜನವರಿಯಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು 5 ಮತ್ತು 8ನೇ ತರಗತಿಗಳಲ್ಲಿ ಪರೀಕ್ಷೆ ನಡೆಸುವಂತೆ ಮಾಡಿತು. ಎರಡು ತಿಂಗಳೊಳಗಿನ ಮರುಪರೀಕ್ಷೆಯಲ್ಲೂ ಪಾಸಾಗದ ಮಗುವನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನವನ್ನು ಸರ್ಕಾರಗಳಿಗೆ ಬಿಟ್ಟಿತು. 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ತನ್ನ ನಿಯಮಗಳನ್ನು ಬದಲಿಸಿ ಕೇಂದ್ರೀಯ ವಿದ್ಯಾಲಯ, ನವೋದಯದಂಥ ತನ್ನ ಶಾಲೆಗಳಲ್ಲಿ ಫೇಲು ಮಾಡುವ ಪದ್ಧತಿಯನ್ನು ಮರಳಿ ತಂದಿತು. ಅಷ್ಟರಲ್ಲಿ ಹದಿನಾರು ರಾಜ್ಯಗಳು ಈ ದಾರಿ ಹಿಡಿದಾಗಿತ್ತು. ತಮಿಳುನಾಡು ಒಪ್ಪುವುದಿಲ್ಲ ಎಂದಿತು. ಕರ್ನಾಟಕ ನಡುವಿನ ಹಾದಿ ಹಿಡಿದು, ಪರೀಕ್ಷೆ ಮಾಡುತ್ತೇವೆ, ಯಾರನ್ನೂ ಫೇಲು ಮಾಡುವುದಿಲ್ಲ ಎಂದಿತು. ಆ ನಡುವಿನ ಹಾದಿಯಲ್ಲಿ ಹುರುಳಿದೆ ಎಂಬುದು ನನ್ನ ನಿಲುವು. ಆದರೆ ಸರ್ಕಾರ ಅದನ್ನು ಹಿಡಿದ ರೀತಿಯಲ್ಲಿ ಆ ಹುರುಳು ಉಳಿಯಲಿಲ್ಲ. ಯಾಕೆ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಫೇಲು ಮಾಡಬಾರದು ಎಂಬ ಯೋಚನೆ ಮಕ್ಕಳ ಮೇಲಿನ ಅತಿಮುದ್ದಿನಿಂದ ಈಚೆಗೆ ಹುಟ್ಟಿದ್ದು ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. ಬ್ರಿಟಿಷ್ ಆಡಳಿತ ನೇಮಿಸಿದ ಹಾರ್ಟಾಗ್ ಸಮಿತಿ 1929ರಲ್ಲೇ ಭಾರತದ ಪ್ರಾಥಮಿಕ ಶಾಲೆಗಳ ಲೆಕ್ಕ ತೆಗೆದು ಬೆಚ್ಚಿತ್ತು. ಒಂದನೇ ತರಗತಿಗೆ ಸೇರಿದ ಮಕ್ಕಳಲ್ಲಿ ಮೂರು ವರ್ಷಗಳ ಬಳಿಕ ನಾಲ್ಕನೇ ತರಗತಿಯಲ್ಲಿ ಇದ್ದವರು ಐದನೇ ಒಂದು ಭಾಗದಷ್ಟೂ ಇರಲಿಲ್ಲ. ಉಳಿದವರು ಒಂದೋ ಶಾಲೆ ಬಿಟ್ಟಿದ್ದರು, ಇಲ್ಲವೇ ಅದೇ ತರಗತಿಯಲ್ಲಿ ಡುಮ್ಕಿ ಹೊಡೆಯುತ್ತ ಕೂತಿದ್ದರು. ಆ ಸಮಿತಿ ಇದನ್ನು ವ್ಯರ್ಥ ಮತ್ತು ಸ್ಥಗಿತತೆ ಎಂದು ಗುರುತಿಸಿತು. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗಕ್ಕೂ ಅದೇ ದೊಡ್ಡ ಚಿಂತೆಯಾಗಿತ್ತು. ಸಾಧ್ಯವಿರುವಲ್ಲೆಲ್ಲ ಕೆಳಗಿನ ತರಗತಿಗಳನ್ನು ಒಂದೇ ಘಟಕವಾಗಿ ನೋಡಿ, ಮಗು ತನ್ನ ವೇಗದಲ್ಲಿ ಸಾಗಲಿ ಎಂದು ಅದು ಹೇಳಿತು. ನಮ್ಮಲ್ಲಿ ಹಿರಿಯರು ಹಳೆಯ ಕಾಲದ ಪಬ್ಲಿಕ್ ಪರೀಕ್ಷೆಗಳಾದ ಮುಂಬೈ ಕರ್ನಾಟಕದ ಮುಲ್ಕಿ ಪರೀಕ್ಷೆಯನ್ನೂ ಮೈಸೂರು ಸೀಮೆಯ ಎಲ್.ಎಸ್. (ಲೋವರ್ ಸೆಕೆಂಡರಿ) ಪರೀಕ್ಷೆಯನ್ನೂ ಹೆಮ್ಮೆಯಿಂದ ನೆನೆಯುತ್ತಾರೆ. ಮುಲ್ಕಿ ಪಾಸಾದವರು ಮೇಷ್ಟರಾಗುತ್ತಿದ್ದರು, ಅವರ ಕೈಬರಹ, ಲೆಕ್ಕ, ವ್ಯಾಕರಣ ಗಟ್ಟಿಯಾಗಿದ್ದವು ಎಂಬುದೆಲ್ಲ ನಿಜ. ಆದರೆ ಆ ಪರೀಕ್ಷೆಯ ಬಾಗಿಲಿಗೆ ಬಂದವರೆಷ್ಟು ಮಂದಿ? 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇಕಡ 18ರ ಸುಮಾರಿಗಿತ್ತು. ಮುಲ್ಕಿಯ ಮಟ್ಟ ಎತ್ತರದಲ್ಲಿ ಉಳಿದದ್ದಕ್ಕೆ ಒಂದು ಕಾರಣ, ಊರಿನ ಬಹುಪಾಲು ಮಕ್ಕಳು ಅದಕ್ಕೆ ಬಹಳ ಮೊದಲೇ ಹೊರಗುಳಿದಿದ್ದರು. ಹೆಣ್ಣುಮಕ್ಕಳನ್ನು, ದಲಿತ ಕೇರಿಯ ಮಕ್ಕಳನ್ನು ಲೆಕ್ಕಕ್ಕೆ ಹಿಡಿಯದೆ ಆ ಕಾಲದ ಮಟ್ಟದ ಬಗ್ಗೆ ಮಾತಾಡುವುದು ನ್ಯಾಯವಲ್ಲ.

ಹಾಗೆಂದು ಪರೀಕ್ಷೆ ಬೇಕೆನ್ನುವವರ ಮಾತನ್ನು ಹಗುರವಾಗಿ ತಳ್ಳಿಹಾಕುವುದೂ ತಪ್ಪೇ. ಅವರು ಎತ್ತಿ ತೋರಿಸುವ ಗಾಯ ನಿಜವಾದದ್ದು. ಪ್ರಥಮ್ ಸಂಸ್ಥೆ ಹೊರತರುವ ಅಸರ್ ವರದಿಯಂತೆ ಗ್ರಾಮೀಣ ಭಾರತದಲ್ಲಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲ ಐದನೇ ತರಗತಿಯ ಮಕ್ಕಳು 2018ರಲ್ಲಿ ಸುಮಾರು ಅರ್ಧದಷ್ಟಿದ್ದರು. ಕೋವಿಡ್ ಕಳೆದ ಮೇಲೆ 2022ರಲ್ಲಿ ಅದು ಶೇಕಡ 42.8ಕ್ಕೆ ಇಳಿಯಿತು, 2024ರಲ್ಲಿ 48.8ಕ್ಕೆ ಏರಿತು. ಐದು ವರ್ಷ ಶಾಲೆಗೆ ಹೋಗಿ ಬಂದ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ಒಂದು ಪುಟ್ಟ ಕತೆ ಓದಲು ಬರುವುದಿಲ್ಲ. ಇಂಥ ಮಗುವಿಗೆ ಆರನೇ ತರಗತಿಯ ವಿಜ್ಞಾನ ಪುಸ್ತಕ ಕೊಟ್ಟು, ಅಲ್ಲಿಂದ ಏಳಕ್ಕೆ, ಎಂಟಕ್ಕೆ ದಾಟಿಸಿ, ಎಸ್‌ಎಸ್‌ಎಲ್‌ಸಿಯ ಮುಂದೆ ತಂದು ನಿಲ್ಲಿಸುವುದು ದಯೆಯ ಕೆಲಸವಲ್ಲ. ಏನೂ ಕಲಿಸದೆ ಮುಂದಕ್ಕೆ ಕಳಿಸುವುದು ಕೂಡ ಒಂದು ಬಗೆಯ ಹೊರದಬ್ಬುವಿಕೆಯೇ ಎಂದು ಪರೀಕ್ಷಾವಾದಿಗಳು ಹೇಳಿದಾಗ ಅದಕ್ಕೆ ನನ್ನಲ್ಲಿ ಎದುರುಮಾತಿಲ್ಲ. ಕೊಠಡಿಯಲ್ಲಿ ಮೂವತ್ತು ಮಕ್ಕಳಿದ್ದು ಅವರಲ್ಲಿ ಹತ್ತು ಮಂದಿಗೆ ಅಕ್ಷರವೇ ಹಿಡಿತಕ್ಕೆ ಸಿಕ್ಕಿಲ್ಲವೆಂದರೆ ಮೇಷ್ಟರು ಯಾರಿಗೆ ಪಾಠ ಮಾಡಬೇಕು ಎಂಬ ಶಿಕ್ಷಕರ ದೂರೂ ಸಾಚಾ ದೂರು.

ವಾದದ ಮುಂದಿನ ಹೆಜ್ಜೆಯಲ್ಲಿ ನಾನು ಅವರಿಂದ ಬೇರೆಯಾಗುತ್ತೇನೆ. ಈ ಸ್ಥಿತಿಗೆ ಫೇಲು ಇಲ್ಲದಿರುವುದೇ ಕಾರಣ, ಫೇಲು ತಂದರೆ ಸರಿಹೋಗುತ್ತದೆ ಎಂಬುದಕ್ಕೆ ಆಧಾರ ಬಹಳ ತೆಳುವಾಗಿದೆ. ಶಿಕ್ಷಣ ಹಕ್ಕು ಕಾಯ್ದೆ ಬರುವ ಮೊದಲಿನ ಅಸರ್ ವರದಿಗಳಲ್ಲೂ ಐದನೇ ತರಗತಿಯ ಓದಿನ ಅಂಕಿ ಶೇಕಡ ಐವತ್ತಕ್ಕಿಂತ ಸ್ವಲ್ಪವೇ ಮೇಲಿತ್ತು. ಕಾಯ್ದೆಯ ನಂತರದ ಎರಡು ಮೂರು ವರ್ಷಗಳಲ್ಲಿ ಅದು ಕುಸಿದದ್ದು ನಿಜ, ಆಮೇಲೆ ನಿಧಾನವಾಗಿ ಮೇಲೆದ್ದದ್ದೂ ನಿಜ. ಕುಸಿತಕ್ಕೆ ಫೇಲು ಹೋದದ್ದೇ ಕಾರಣವೋ, ಹೊಸದಾಗಿ ಶಾಲೆಯ ಮೆಟ್ಟಿಲು ಹತ್ತಿದ ಮನೆಗಳ ಮಕ್ಕಳು ಬಂದದ್ದೋ, ಅನುಕೂಲವಂತರು ಖಾಸಗಿ ಶಾಲೆಗೆ ಸರಿದದ್ದೋ ಎಂದು ಬಿಡಿಸಿ ಹೇಳಲು ಆ ಅಂಕಿಗಳಿಂದ ಆಗುವುದಿಲ್ಲ. ಬಹಳ ರಾಜ್ಯಗಳು ಕಾಯ್ದೆಗೆ ಮೊದಲೇ ಕೆಳಗಿನ ತರಗತಿಗಳಲ್ಲಿ ಫೇಲು ಮಾಡುವುದನ್ನು ಬಿಟ್ಟಿದ್ದವು ಎಂಬುದೂ ಹೋಲಿಕೆಯನ್ನು ಕಠಿಣವಾಗಿಸುತ್ತದೆ. ಆದ್ದರಿಂದ ಎರಡೂ ಬಣ ಆ ಅಂಕಿಯನ್ನು ತಮ್ಮ ಕಡೆಗೆ ಎಳೆದುಕೊಳ್ಳುವುದನ್ನು ನಿಲ್ಲಿಸಿದರೆ ಒಳ್ಳೆಯದು.

ನಮ್ಮ ರಾಜ್ಯದ್ದೇ ಒಂದು ಅಂಕಿ ಇದಕ್ಕಿಂತ ಹೆಚ್ಚು ಸ್ಪಷ್ಟವಾಗಿ ಮಾತಾಡುತ್ತದೆ. 2023ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇಕಡ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ ಮೇಲೆ ಅದು, ಕೃಪಾಂಕವನ್ನು ಹೆಚ್ಚಿಸಿಯೂ, 73.40ಕ್ಕೆ ಇಳಿಯಿತು. ನಕಲು ನಿಂತಾಗ ನಿಜ ಹೊರಬಿತ್ತು, ಎಂಟನೇ ತರಗತಿಯವರೆಗೆ ಫೇಲು ಮಾಡದೆ ತಂದದ್ದರ ಫಲ ಇದು ಎಂದು ಆಗ ಬಹಳ ಮಂದಿ ಬರೆದರು. ಅದೇ ಫಲಿತಾಂಶದ ಜಿಲ್ಲಾವಾರು ಪಟ್ಟಿಯನ್ನು ನೋಡಿ. ಮೊದಲ ಸ್ಥಾನದಲ್ಲಿ ಉಡುಪಿ, ಶೇಕಡ 94. ಎರಡನೆಯದು ದಕ್ಷಿಣ ಕನ್ನಡ, 92.12. ಕೊನೆಯಲ್ಲಿ ಯಾದಗಿರಿ, 50.59. ಉಡುಪಿಯ ಮಕ್ಕಳೂ ಯಾದಗಿರಿಯ ಮಕ್ಕಳೂ ಒಂದೇ ಕಾಯ್ದೆಯ ಅಡಿಯಲ್ಲಿ, ಒಂದೇ ಪಠ್ಯಪುಸ್ತಕ ಓದಿ, ಫೇಲಿನ ಭಯವಿಲ್ಲದೆ ಎಂಟನೇ ತರಗತಿ ದಾಟಿ ಬಂದವರು. ಫೇಲು ಇಲ್ಲದಿರುವುದು ಕಲಿಕೆಯನ್ನು ಕೊಲ್ಲುವುದಾಗಿದ್ದರೆ ಉಡುಪಿಯಲ್ಲೂ ಕೊಲ್ಲಬೇಕಿತ್ತು. ಎರಡು ಜಿಲ್ಲೆಗಳ ನಡುವಿನ ನಲವತ್ತಮೂರು ಶೇಕಡಾ ಅಂಶಗಳ ಅಂತರವನ್ನು ಹುಟ್ಟಿಸಿದ್ದು ಬೇರೆ ಸಂಗತಿಗಳು. ಕರಾವಳಿಯಲ್ಲಿ ಎರಡು ಮೂರು ತಲೆಮಾರಿನಿಂದ ಅಕ್ಷರ ಕಂಡ ತಾಯಂದಿರಿದ್ದಾರೆ, ನಡೆದು ಹೋಗುವಷ್ಟು ದೂರದಲ್ಲಿ ಶಾಲೆ ಇತ್ತು, ಪಾಠ ಮಾಡಲು ಮೇಷ್ಟರಿದ್ದರು. ಹಿಂದೆ ಹೈದರಾಬಾದ್ ಕರ್ನಾಟಕ ಎನ್ನಿಸಿಕೊಂಡಿದ್ದ, ಈಗಿನ ಕಲ್ಯಾಣ ಕರ್ನಾಟಕದ ಸೀಮೆಯಲ್ಲಿ ನಿಜಾಮರ ಕಾಲದಿಂದಲೂ ಶಾಲೆ ವಿರಳ, ಶಿಕ್ಷಕರ ಹುದ್ದೆ ಖಾಲಿ, ವರ್ಗಾವಣೆ ಸಿಕ್ಕ ಕೂಡಲೇ ಹೊರಟುಹೋಗುವವರೇ ಹೆಚ್ಚು. ಆ ಹಿಂದುಳಿಯುವಿಕೆಯನ್ನು ಒಪ್ಪಿಯೇ ಸಂವಿಧಾನಕ್ಕೆ 371ಜೆ ವಿಧಿ ಸೇರಿಸಬೇಕಾಯಿತು. ಈ ಎರಡು ಜಿಲ್ಲೆಗಳಲ್ಲಿ ಐದನೇ ತರಗತಿಗೆ ಫೇಲು ತಂದರೆ ಉಡುಪಿಯಲ್ಲಿ ಬೆರಳೆಣಿಕೆಯಷ್ಟು ಮಕ್ಕಳು ಉಳಿದಾರು, ಯಾದಗಿರಿಯಲ್ಲಿ ಹಿಂಡುಹಿಂಡಾಗಿ ಉಳಿಯುತ್ತಾರೆ. ಸರ್ಕಾರಗಳು ಎಪ್ಪತ್ತು ವರ್ಷ ತೀರಿಸದ ಸಾಲವನ್ನು ಹತ್ತು ವರ್ಷದ ಮಕ್ಕಳ ಹೆಸರಿಗೆ ಬರೆದಂತೆ ಆಗುತ್ತದೆ.

ಹಾಗೆ ಉಳಿದ ಮಗು ಯಾರು ಎಂಬುದನ್ನೂ ಕೇಳಬೇಕು. ಕಲ್ಯಾಣ ಕರ್ನಾಟಕದ ಒಣಬೇಸಾಯದ ಊರುಗಳಿಂದ ಸುಗ್ಗಿ ಮುಗಿದ ಮೇಲೆ ಮನೆಮಂದಿಯೆಲ್ಲ ಗುಳೆ ಹೋಗುತ್ತಾರೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಅವರು ಊರಿಗೆ ಮರಳುವ ಹೊತ್ತಿಗೆ ಶಾಲೆಯಲ್ಲಿ ಪಾಠಗಳು ಮುಗಿದಿರುತ್ತವೆ, ಮಾರ್ಚಿನ ಪರೀಕ್ಷೆ ಬಂದಿರುತ್ತದೆ. ಇಂಥ ಮಗು ಫೇಲಾದರೆ ಅದು ಸೋಮಾರಿತನದಿಂದ ಅಲ್ಲ. ಮರುವರ್ಷ ತನಗಿಂತ ಕಿರಿಯರ ಜೊತೆ ಕೂರಲು ಅದಕ್ಕೆ ನಾಚಿಕೆ, ಕೂಲಿಗೆ ಕೈ ಬೇಕಾದ ಮನೆಗೆ ಬಿಡಿಸಲು ಒಂದು ನೆಪ. ಹೆಣ್ಣುಮಗುವಾದರೆ ಒಂದು ವರ್ಷ ತಡವಾಗುವುದೆಂದರೆ ಪ್ರೌಢಶಾಲೆ ಮುಗಿಯುವ ಮೊದಲೇ ಮದುವೆಯ ಮಾತು ಬರುವುದು. ಓದು ತಲೆಗೆ ಹತ್ತಲಿಲ್ಲ ಎಂಬ ಒಂದು ಮಾತು, ಅದೂ ಸರ್ಕಾರದ ಮುದ್ರೆ ಬಿದ್ದ ಅಂಕಪಟ್ಟಿಯ ಮೇಲೆ, ಇಂಥ ಮನೆಗಳಲ್ಲಿ ತೀರ್ಪಿನ ಹಾಗೆ ಕೆಲಸ ಮಾಡುತ್ತದೆ.

ಹೊರದೇಶಗಳ ಅನುಭವದಲ್ಲಿ ಈ ಪ್ರಶ್ನೆಯನ್ನು ಇನ್ನೂ ಶಿಸ್ತಾಗಿ ಪರೀಕ್ಷಿಸಲಾಗಿದೆ. ಅಮೆರಿಕದ ಷಿಕಾಗೊ ನಗರ 1990ರ ದಶಕದ ನಡುವಿನಲ್ಲಿ 3, 6 ಮತ್ತು 8ನೇ ತರಗತಿಗಳಲ್ಲಿ ಪರೀಕ್ಷೆಯ ಗಡಿ ಹಾಕಿ, ದಾಟದವರಿಗೆ ಬೇಸಿಗೆ ಶಾಲೆ, ಆಗಲೂ ದಾಟದವರಿಗೆ ಅದೇ ತರಗತಿ ಎಂದು ನಿಯಮ ಮಾಡಿತು. ಗಡಿಯ ಒಂದಂಕ ಮೇಲಿದ್ದ ಮಕ್ಕಳನ್ನೂ ಒಂದಂಕ ಕೆಳಗಿದ್ದ ಮಕ್ಕಳನ್ನೂ ಹೋಲಿಸಿ ನೋಡಿದ ಬ್ರಯನ್ ಜೇಕಬ್ ಮತ್ತು ಲಾರ್ಸ್ ಲೆಫ್‌ಗ್ರೆನ್ ಎಂಬ ಅರ್ಥಶಾಸ್ತ್ರಜ್ಞರಿಗೆ ಮೂರನೇ ತರಗತಿಯಲ್ಲಿ ಸಣ್ಣ ಲಾಭ ಕಂಡಿತು, ಆರರಲ್ಲಿ ಕಾಣಲಿಲ್ಲ. ಎಂಟನೇ ತರಗತಿಯಲ್ಲಿ ಉಳಿಸಿಕೊಂಡ ಮಕ್ಕಳು ಮುಂದೆ ಶಾಲೆ ಬಿಡುವುದು ಹೆಚ್ಚಾಗಿತ್ತು. ಲೂಸಿಯಾನ ರಾಜ್ಯದಲ್ಲಿ ಎಂಟನೇ ತರಗತಿಯಲ್ಲಿ ಉಳಿಸಲ್ಪಟ್ಟವರನ್ನು ದೊಡ್ಡವರಾಗುವವರೆಗೆ ಹಿಂಬಾಲಿಸಿದ ಅಧ್ಯಯನವೂ ಅವರ ಬದುಕು ಹಳಿ ತಪ್ಪಿದ್ದನ್ನೇ ತೋರಿಸಿತು. ಇದಕ್ಕೆ ಎದುರಾಗಿ ಪರೀಕ್ಷಾವಾದಿಗಳು ಈಚೆಗೆ ಮಿಸಿಸಿಪ್ಪಿಯ ಹೆಸರು ಹೇಳುತ್ತಾರೆ. ಅದು ಹೇಳಬೇಕಾದ ಹೆಸರೇ. ಆ ಬಡ ರಾಜ್ಯ 2013ರಲ್ಲಿ ಮೂರನೇ ತರಗತಿಯಲ್ಲಿ ಓದು ಬರದ ಮಗುವನ್ನು ಮುಂದಕ್ಕೆ ಬಿಡುವುದಿಲ್ಲ ಎಂದು ಕಾನೂನು ಮಾಡಿತು. ಮುಂದಿನ ವರ್ಷಗಳಲ್ಲಿ ಅಲ್ಲಿನ ನಾಲ್ಕನೇ ತರಗತಿಯ ಮಕ್ಕಳ ಓದು ರಾಷ್ಟ್ರೀಯ ಪರೀಕ್ಷೆಯಲ್ಲಿ ಎದ್ದು ಕಾಣುವಂತೆ ಸುಧಾರಿಸಿತು. ಆದರೆ ಆ ಕಾನೂನಿನ ಒಳಗೆ ಏನಿತ್ತು ಎಂದು ನೋಡಬೇಕು. ಓದು ಕಲಿಸುವ ವಿಧಾನದಲ್ಲಿ ಶಿಕ್ಷಕರಿಗೆಲ್ಲ ದೀರ್ಘ ತರಬೇತಿ, ಹಿಂದುಳಿದ ಶಾಲೆಗಳಿಗೆ ಕಲಿಸುವುದನ್ನು ತೋರಿಸಿಕೊಡುವ ಅನುಭವಿಗಳ ನೇಮಕ, ಎಳೆಯ ತರಗತಿಯಿಂದಲೇ ಪ್ರತಿ ಮಗುವಿನ ಓದಿನ ತಪಾಸಣೆ, ಹಿಂದೆ ಬಿದ್ದವರಿಗೆ ಆ ವರ್ಷವೇ ಹೆಚ್ಚಿನ ಪಾಠ ಇಷ್ಟೂ ಇದ್ದವು. ಫೇಲು ಅದರ ಒಂದು ತುದಿ ಮಾತ್ರ. ಮಿಸಿಸಿಪ್ಪಿಯನ್ನು ತೋರಿಸಿ ಆ ತುದಿಯೊಂದನ್ನೇ ತರುವವರು ಉಳಿದದ್ದಕ್ಕೆ ಹಣ ಎಲ್ಲಿದೆ ಎಂಬುದನ್ನು ಮೊದಲು ಹೇಳಬೇಕು. ಅದೂ ಅಲ್ಲದೆ ಮಿಸಿಸಿಪ್ಪಿ ಮೂರನೇ ತರಗತಿಯನ್ನು ಆರಿಸಿಕೊಂಡಿತು, ಷಿಕಾಗೊದಲ್ಲೂ ಲಾಭ ಕಂಡದ್ದು ಮೂರನೇ ತರಗತಿಯಲ್ಲೇ. ನಾವು ಆರಿಸಿಕೊಂಡಿರುವುದು ಐದು ಮತ್ತು ಎಂಟು. ಲಾಭ ಕಡಿಮೆಯಾಗಿ ಹಾನಿ ಹೆಚ್ಚಾಗುವ ವಯಸ್ಸು.

ಈ ಕೊನೆಯ ಅಂಶ ವಿವಾದದ ತಿರುಳಿಗೆ ತಾಗುತ್ತದೆ. ಐದನೇ ತರಗತಿಯಲ್ಲಿ ಫೇಲಾಗುವ ಮಗು ಐದನೇ ತರಗತಿಯಲ್ಲಿ ಹಿಂದೆ ಬಿದ್ದದ್ದಲ್ಲ. ಅದು ಎರಡನೇ ತರಗತಿಯಲ್ಲಿ ಒತ್ತಕ್ಷರದ ಹತ್ತಿರವೋ ದಶಕ ಕೂಡುವ ಹತ್ತಿರವೋ ನಿಂತುಬಿಟ್ಟಿತ್ತು, ಯಾರೂ ಗಮನಿಸಲಿಲ್ಲ. ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್ ಮತ್ತು ಅಲೆಹಾಂದ್ರೊ ಗಾನಿಮಿಯನ್ ದೆಹಲಿಯ ಸರ್ಕಾರಿ ಶಾಲಾ ಮಕ್ಕಳ ಕಲಿಕೆಯನ್ನು ಅಳೆದಾಗ ಕಂಡದ್ದು ಇದೇ: ಆರನೇ ತರಗತಿಯ ಸರಾಸರಿ ಮಗು ಗಣಿತದಲ್ಲಿ ಎರಡು ತರಗತಿಗೂ ಹೆಚ್ಚು ಹಿಂದಿತ್ತು, ಮುಂದಿನ ತರಗತಿಗಳಲ್ಲಿ ಆ ಅಂತರ ಹಿಗ್ಗುತ್ತಲೇ ಹೋಯಿತು, ಒಂದೇ ಕೊಠಡಿಯಲ್ಲಿ ಹಲವು ತರಗತಿಗಳ ಮಟ್ಟದ ಮಕ್ಕಳು ಕೂತಿದ್ದರು. ಹಾಗಿದ್ದ ಮೇಲೆ ಒಂದು ವರ್ಷ ಅದೇ ತರಗತಿಯಲ್ಲಿ ಉಳಿಸುವುದರಿಂದ ಏನು ಸಿಗುತ್ತದೆ? ಎರಡನೇ ತರಗತಿಯ ಪುಸ್ತಕ ಓದಲಾರದ ಮಗುವಿಗೆ ಐದನೇ ತರಗತಿಯ ಪುಸ್ತಕವನ್ನೇ ಇನ್ನೊಮ್ಮೆ ಕೊಟ್ಟಂತಾಗುತ್ತದೆ. ಪಾಸು ಮಾಡಿದರೆ ಆರನೆಯದರ ಪುಸ್ತಕ ಕೊಟ್ಟಂತೆ. ಎರಡರಲ್ಲೂ ಮಗುವಿಗೆ ಬೇಕಾದ ಪಾಠ ಇಲ್ಲ. ಪಾಸೋ ಫೇಲೋ ಎಂದು ಇಷ್ಟು ವರ್ಷ ಗುದ್ದಾಡಿದವರಲ್ಲಿ ಹೆಚ್ಚಿನವರು ಆ ಪಾಠದ ಬಗ್ಗೆ ಮಾತಾಡಲೇ ಇಲ್ಲ ಎಂಬುದು ನನ್ನ ಮುಖ್ಯ ದೂರು.

ಈ ದೂರಿನಿಂದ ಫೇಲು ಬೇಡ ಎನ್ನುವ ಬಣಕ್ಕೂ ವಿನಾಯಿತಿ ಇಲ್ಲ. ಕಾಯ್ದೆ ಫೇಲು ಮಾಡಬೇಡಿ ಎಂದಷ್ಟೇ ಹೇಳಿ ಸುಮ್ಮನಾಗಿರಲಿಲ್ಲ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ನಡೆಯಲಿ ಎಂದು 29ನೇ ಸೆಕ್ಷನ್ ಹೇಳಿತ್ತು. ಪ್ರತಿ ಮಗುವಿನ ಕಲಿಕೆಯ ಮಟ್ಟ ಅಳೆದು ಅಗತ್ಯಕ್ಕೆ ತಕ್ಕಂತೆ ಹೆಚ್ಚಿನ ಪಾಠ ಹೇಳಿಕೊಡುವುದು ಶಿಕ್ಷಕರ ಕರ್ತವ್ಯವೆಂದು 24ನೇ ಸೆಕ್ಷನ್ ಹೇಳಿತ್ತು. ಫೇಲು ಮಾಡದಿರುವುದಕ್ಕೆ ಸುತ್ತೋಲೆ ಸಾಕು, ಖರ್ಚಿಲ್ಲ. ಹೆಚ್ಚಿನ ಪಾಠಕ್ಕೆ ಶಿಕ್ಷಕರು ಬೇಕು, ಸಮಯ ಬೇಕು, ಹಣ ಬೇಕು. ಎಲ್ಲ ಸರ್ಕಾರಗಳೂ ಮೊದಲನೆಯದನ್ನು ಜಾರಿ ಮಾಡಿ ಎರಡನೆಯದನ್ನು ಕಾಗದದಲ್ಲಿ ಬಿಟ್ಟವು. ನಿರಂತರ ಮೌಲ್ಯಮಾಪನವೆಂಬುದು ರೂಪಣಾತ್ಮಕ, ಸಂಕಲನಾತ್ಮಕ ಎಂಬ ಹೆಸರಿನ ವಹಿಗಳನ್ನು ತುಂಬುವ ಕೆಲಸವಾಯಿತು. ಅರವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರೆಂಬುದು ಕಾಯ್ದೆಯದೇ ಲೆಕ್ಕ. ಅಂದರೆ ಇಬ್ಬರು ಐದು ತರಗತಿಗಳಿಗೆ ಪಾಠ ಮಾಡಬೇಕು, ಬಿಸಿಯೂಟ ನೋಡಬೇಕು, ಗಣತಿಗೆ ಚುನಾವಣೆಗೆ ಹೋಗಬೇಕು, ಆಮೇಲೆ ಪ್ರತಿ ಮಗುವಿನ ಪ್ರಗತಿ ಬರೆಯಬೇಕು. ಇಷ್ಟು ಕಾಣುತ್ತಿದ್ದರೂ ಫೇಲು ಬೇಡ ಎಂದ ಚಿಂತಕರಲ್ಲಿ ಹಲವರು ಕಾಯ್ದೆಯ ಮೊದಲ ಅರ್ಧ ಉಳಿದರೆ ಸಾಕೆಂಬಂತೆ ವಾದಿಸಿದರು. ಓದು ಬಾರದ ಮಗುವಿನ ಅಪ್ಪ ಅವರನ್ನು ನಂಬದೆ ಪರೀಕ್ಷೆಯ ಕಡೆ ವಾಲಿದ್ದು ಸಹಜವೇ ಆಗಿತ್ತು.

ಆ ಅಪ್ಪನ ಮಾತಿಗೆ ಉತ್ತರ ಕೊಡಲೇಬೇಕು. ಭಯವಿಲ್ಲದಿದ್ದರೆ ಮಕ್ಕಳು ಓದುವುದಿಲ್ಲ, ಮೇಷ್ಟರು ಕಲಿಸುವುದಿಲ್ಲ ಎಂಬುದು ಅವನ ನಂಬಿಕೆ. ಈ ಮಾತಿನ ಮೊದಲ ಅರ್ಧವನ್ನು ನಾನು ಒಪ್ಪುವುದಿಲ್ಲ. ಓದಲು ಬಂದೂ ಓದದ ಹುಡುಗನನ್ನು ಭಯ ಪುಸ್ತಕದ ಮುಂದೆ ಕೂರಿಸೀತು. ಓದಲೇ ಬಾರದ ಹುಡುಗಿಗೆ ಭಯ ಅಕ್ಷರ ಕಲಿಸುವುದಿಲ್ಲ. ನಮ್ಮ ಐದನೇ ತರಗತಿಯ ಸಮಸ್ಯೆ ಎರಡನೆಯದು. ಎರಡನೇ ಅರ್ಧದಲ್ಲಿ ಮಾತ್ರ ಅವನ ಮಾತಿಗೆ ತೂಕವಿದೆ. ಫಲಿತಾಂಶ ಯಾರಿಗೂ ಗೊತ್ತಾಗದ ವ್ಯವಸ್ಥೆಯಲ್ಲಿ ಶಾಲೆ ಜಡವಾಗುತ್ತದೆ, ಇಲಾಖೆಯೂ ಜಡವಾಗುತ್ತದೆ. ಆದ್ದರಿಂದಲೇ ಹೊರಗಿನ ಮೌಲ್ಯಾಂಕನ ಬೇಡವೆನ್ನುವವರ ಜೊತೆ ನಾನಿಲ್ಲ. ಖಾಸಗಿ ಶಾಲೆಗಳ ಒಕ್ಕೂಟಗಳು ನ್ಯಾಯಾಲಯಕ್ಕೆ ಹೋದಾಗ ಪಠ್ಯಕ್ರಮ ಬೇರೆ, ಪ್ರಶ್ನೆಪತ್ರಿಕೆ ಬೇರೆ ಎಂಬಂಥ ನಿಜವಾದ ತೊಡಕುಗಳೂ ಅವರ ಮಾತಿನಲ್ಲಿದ್ದವು. ಜೊತೆಗೆ, ತಾವು ವರ್ಷವಿಡೀ ಏನು ಕಲಿಸಿದೆವು ಎಂಬುದನ್ನು ಹೊರಗಿನವರು ಅಳೆಯಬಾರದೆಂಬ ಹಿಂಜರಿಕೆಯೂ ಇತ್ತೆಂದು ನನಗೆ ತೋರುತ್ತದೆ. ಆದರೆ ಅಳತೆಯ ಹೊಣೆ ಬೀಳಬೇಕಾದದ್ದು ಕಲಿಸಬೇಕಾದವರ ಮೇಲೆ. ಫೇಲು ಮಾಡುವ ಪದ್ಧತಿಯಲ್ಲಿ ಮೇಷ್ಟರಿಗೆ ಏನೂ ಆಗುವುದಿಲ್ಲ, ಶಿಕ್ಷಣಾಧಿಕಾರಿಗೆ ಏನೂ ಆಗುವುದಿಲ್ಲ, ಹುದ್ದೆ ತುಂಬದ ಸರ್ಕಾರಕ್ಕೆ ಏನೂ ಆಗುವುದಿಲ್ಲ. ವರ್ಷ ಕಳೆದುಕೊಳ್ಳುವುದು ಮಗು ಮಾತ್ರ. ಇದನ್ನು ಹೊಣೆಗಾರಿಕೆ ಎನ್ನುವುದು ಹೇಗೆ?

ಇಲ್ಲಿಯೇ ಕರ್ನಾಟಕದ ನಡುವಿನ ಹಾದಿಯ ಮಾತು ಬರುತ್ತದೆ. ಪರೀಕ್ಷೆ ಮಾಡಿ ಯಾರನ್ನೂ ಫೇಲು ಮಾಡದಿರುವುದು ಸರಿಯಾದ ಅರ್ಧ. ಪರೀಕ್ಷೆಯಿಂದ ಗೊತ್ತಾದದ್ದನ್ನು ಹಿಡಿದು ಏನು ಮಾಡುತ್ತೇವೆ ಎಂಬ ಉಳಿದರ್ಧವನ್ನು ಸರ್ಕಾರ ಹೇಳಲಿಲ್ಲ. ಮಾರ್ಚ್ ಕೊನೆಯಲ್ಲಿ ಪರೀಕ್ಷೆ ನಡೆಸಿ ಏಪ್ರಿಲ್ಲಿನಲ್ಲಿ ಫಲಿತಾಂಶ ಕೊಟ್ಟರೆ ಮಗು ರಜೆಗೆ ಹೋಗಿರುತ್ತದೆ. ಜೂನ್‌ನಲ್ಲಿ ಹೊಸ ತರಗತಿ, ಬಹಳ ಕಡೆ ಹೊಸ ಶಾಲೆ, ಹೊಸ ಮೇಷ್ಟರು. ಹಳೆಯ ಶಾಲೆಯಲ್ಲಿ ಗೊತ್ತಾದದ್ದು ಹೊಸ ಶಾಲೆಗೆ ತಲುಪುವುದೇ ಇಲ್ಲ. ಕೇರಳ ಇದನ್ನು ಇನ್ನೊಂದು ರೀತಿ ಮಾಡಿ ನೋಡಿದೆ. 2024-25ರಲ್ಲಿ ಅದು ಎಂಟನೇ ತರಗತಿಯಲ್ಲಿ ಪ್ರತಿ ವಿಷಯಕ್ಕೆ ಶೇಕಡ 30ರ ಕನಿಷ್ಠ ಅಂಕ ನಿಗದಿ ಮಾಡಿ, ಅಷ್ಟು ಬಾರದ ಮಕ್ಕಳಿಗೆ ಆ ವಿಷಯಗಳಲ್ಲಿ ಮಾತ್ರ ಬೇಸಿಗೆಯಲ್ಲಿ ಹೆಚ್ಚಿನ ತರಗತಿ ನಡೆಸಿ, ಮತ್ತೆ ಪರೀಕ್ಷೆ ಕೊಟ್ಟು ಮುಂದಕ್ಕೆ ಕಳಿಸಿತು. ಎರಡು ಮೂರು ವಾರಗಳ ಪಾಠದಿಂದ ಎಷ್ಟೋ ವರ್ಷಗಳ ಕೊರತೆ ತುಂಬುವುದಿಲ್ಲ ಎಂಬ ಟೀಕೆ ಸರಿಯಾದದ್ದೇ. ಆದರೂ ಅಲ್ಲಿ ಅಂಕದ ಬೆನ್ನಿಗೇ ಪಾಠ ಬಂತು. ನಮ್ಮಲ್ಲಿ ಅಂಕದ ಬೆನ್ನಿಗೆ ವ್ಯಾಜ್ಯ ಬಂತು.

ಹಿಂದೆ ಬಿದ್ದ ಮಗುವಿಗೆ ಅದು ನಿಂತ ಜಾಗದಿಂದ ಕಲಿಸಿದರೆ ಬೇಗ ಕಲಿಯುತ್ತದೆ ಎಂಬುದು ಈ ಇಡೀ ಚರ್ಚೆಯಲ್ಲಿ ಅತ್ಯಂತ ಗಟ್ಟಿಯಾಗಿ ನಿಂತಿರುವ ಸಂಗತಿ. 2007ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಮುಂಬೈ ಮತ್ತು ವಡೋದರಾದ ಶಾಲೆಗಳಲ್ಲಿ ಅಲ್ಲಿಯದೇ ಬಡಾವಣೆಯ ಯುವತಿಯರು ಮೂರು, ನಾಲ್ಕನೇ ತರಗತಿಯ ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು ಓದು, ಲೆಕ್ಕ ಹೇಳಿಕೊಟ್ಟರು. ಹೆಚ್ಚು ಲಾಭವಾದದ್ದು ಎಲ್ಲರಿಗಿಂತ ಹಿಂದಿದ್ದ ಮಕ್ಕಳಿಗೇ. ಆಮೇಲೆ ಹರಿಯಾಣದಲ್ಲಿ ದಿನದ ಒಂದು ಹೊತ್ತನ್ನು ಇದಕ್ಕೆಂದೇ ಮೀಸಲಿಟ್ಟು ಮಕ್ಕಳನ್ನು ತರಗತಿ ನೋಡದೆ ಮಟ್ಟ ನೋಡಿ ಕೂರಿಸಿದಾಗಲೂ ಓದು ಸುಧಾರಿಸಿತು. ಕರ್ನಾಟಕಕ್ಕೆ ಇದು ಹೊರಗಿನ ವಿಚಾರವೇ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲಾ ಶಿಕ್ಷಕರು ರಿಷಿವ್ಯಾಲಿಯ ಪ್ರಯೋಗ ನೋಡಿ ಬಂದು ಶುರು ಮಾಡಿದ ನಲಿ ಕಲಿ ಪದ್ಧತಿಯ ಬುನಾದಿಯೇ ಇದು. ಕಲಿಕೆಯ ಏಣಿಯಲ್ಲಿ ಪ್ರತಿ ಮಗು ತನ್ನ ಮೆಟ್ಟಿಲಿನಲ್ಲಿರುತ್ತದೆ. ಗುಳೆಯಿಂದ ಮರಳಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ, ಅಲ್ಲಿ ಫೇಲು ಎಂಬ ಮಾತಿಗೇ ಜಾಗವಿಲ್ಲ. ಆ ತಾಲೂಕಿನಲ್ಲಿ ಶಿಕ್ಷಕರೇ ಕಟ್ಟಿ ಬೆಳೆಸಿದ್ದನ್ನು 2009-10ರಿಂದ ರಾಜ್ಯಕ್ಕೆಲ್ಲ ಹಬ್ಬಿಸಿದಾಗ ಕಾರ್ಡುಗಳೂ ತಟ್ಟೆಗಳೂ ಹೋದವು, ಶಿಕ್ಷಕರ ಒಪ್ಪಿಗೆ ಮತ್ತು ತರಬೇತಿ ಅಷ್ಟೇ ವೇಗದಲ್ಲಿ ಹೋಗಲಿಲ್ಲ. ಮೂರನೇ ತರಗತಿ ಮುಗಿಯುವಲ್ಲಿ ಅದು ನಿಂತುಬಿಟ್ಟಿತು. ನಾಲ್ಕನೇ ತರಗತಿಗೆ ಕಾಲಿಟ್ಟ ಕೂಡಲೇ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ.

ಹೀಗೆ ಕಲಿಸಲು ಶಿಕ್ಷಕರೆಲ್ಲಿ ಎಂಬ ಆಕ್ಷೇಪ ಉಳಿದವುಗಳಿಗಿಂತ ಭಾರವಾದದ್ದು. ಸರ್ಕಾರಿ ಶಾಲೆಗಳಲ್ಲಿ ಹತ್ತಾರು ಸಾವಿರ ಹುದ್ದೆಗಳನ್ನು ವರ್ಷವರ್ಷವೂ ಅತಿಥಿ ಶಿಕ್ಷಕರಿಂದ ತೂಗಿಸಲಾಗುತ್ತಿದೆ. ಅವರ ನೇಮಕ ಶಾಲೆ ಶುರುವಾದ ಮೇಲೆ, ಗೌರವಧನ ತಿಂಗಳುಗಟ್ಟಲೆ ತಡ. ಇಂಥ ಸ್ಥಿತಿ ಹೆಚ್ಚಾಗಿರುವುದು ಫಲಿತಾಂಶ ಪಟ್ಟಿಯ ತಳದಲ್ಲಿರುವ ಜಿಲ್ಲೆಗಳಲ್ಲೇ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ಅದು ಫೇಲು ಮಾಡುವುದಕ್ಕೆ ಸಮರ್ಥನೆಯಾಗುವುದಿಲ್ಲ. ಫೇಲಿಗೂ ಖರ್ಚಿದೆ. ಉಳಿಸಿಕೊಂಡ ಪ್ರತಿ ಮಗುವಿಗೆ ಇನ್ನೊಂದು ವರ್ಷದ ಬಿಸಿಯೂಟ, ಪುಸ್ತಕ, ಸಮವಸ್ತ್ರ, ಕೊಠಡಿ, ಶಿಕ್ಷಕರ ಸಂಬಳದ ಪಾಲು ಬೀಳುತ್ತದೆ. ಆ ಹಣವನ್ನೇ ಎರಡನೇ ಮತ್ತು ಮೂರನೇ ತರಗತಿಯಲ್ಲಿ ಹೆಚ್ಚಿನ ಪಾಠಕ್ಕೆ ಹಾಕಿದರೆ ಐದರಲ್ಲಿ ಉಳಿಸಿಕೊಳ್ಳಬೇಕಾದ ಮಕ್ಕಳೇ ಕಡಿಮೆಯಾಗುತ್ತಾರೆ.

ಹಾಗಾಗಿ ಸರ್ಕಾರ ಮುಂದಿನ ಸಲ ಈ ವಿಷಯವನ್ನು ಎತ್ತುವಾಗ, ಅದೂ ಸುತ್ತೋಲೆಯಾಗಿ ಅಲ್ಲ, ಶಾಸನಸಭೆಯ ಮುಂದೆ ನಿಯಮವಾಗಿ ಎತ್ತುವಾಗ, ಮೂರು ಸಂಗತಿಗಳು ಅದರಲ್ಲಿ ಇರಬೇಕು. ಓದು ಮತ್ತು ಲೆಕ್ಕದ ತಪಾಸಣೆ ಮೂರನೇ ತರಗತಿಯಲ್ಲಿ, ಮಾರ್ಚಿಗಲ್ಲ, ದಸರಾ ರಜೆಗೆ ಮೊದಲು ಆಗಬೇಕು; ಉಳಿದ ಅರ್ಧ ವರ್ಷ ಆ ಮಗುವಿಗೆ ಸಿಗುತ್ತದೆ. ಫಲಿತಾಂಶವನ್ನು ಮಗುವಿನ ಹೆಸರಿನಲ್ಲಿ ಹೊರಗೆ ಹಾಕದೆ, ಶಾಲೆಯ ಹೆಸರಿನಲ್ಲಿ, ಪಕ್ಕದಲ್ಲೇ ಆ ಶಾಲೆಯಲ್ಲಿ ಇರಬೇಕಾದ ಮತ್ತು ಇರುವ ಶಿಕ್ಷಕರ ಸಂಖ್ಯೆಯೊಂದಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಓದಿ ಹೇಳಬೇಕು. ಹಿಂದೆ ಬಿದ್ದ ಮಕ್ಕಳ ಸಂಖ್ಯೆ ಒಂದು ಮಿತಿ ಮೀರಿದ ಶಾಲೆಗೆ ಕಾಯಂ ಶಿಕ್ಷಕರನ್ನು ಕೊಡುವುದು, ಗುಳೆ ಹೋಗುವ ತಾಲೂಕುಗಳಲ್ಲಿ ಆ ತಿಂಗಳುಗಳಿಗೆ ಹಂಗಾಮಿ ವಸತಿ ಶಾಲೆ ನಡೆಸುವುದು ಇಲಾಖೆಯ ಇಷ್ಟಕ್ಕೆ ಬಿಡದೆ ನಿಯಮದ ಭಾಗವಾಗಬೇಕು. ಇಷ್ಟನ್ನು ಹತ್ತು ವರ್ಷ ಪ್ರಾಮಾಣಿಕವಾಗಿ ಮಾಡಿ, ಆಗಲೂ ಐದನೇ ತರಗತಿಯಲ್ಲಿ ಓದು ಬಾರದ ಮಕ್ಕಳು ಉಳಿದರೆ, ಅವರನ್ನು ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆಯನ್ನು ಪರೀಕ್ಷಾವಾದಿಗಳು ಮತ್ತೆ ಎತ್ತಲಿ. ಆಗ ಆ ಪ್ರಶ್ನೆಗೆ ಬೇಕಾದ ಮಾಹಿತಿಯಾದರೂ ನಮ್ಮ ಕೈಯಲ್ಲಿರುತ್ತದೆ.